ಕೊಯ್ದ ಹುಲ್ಲಿನ ತುದಿ

ಹುಬ್ಬೆ ಮಳೆ ಈ ಸಲ ಕೈಬಿಡಲಿಲ್ಲ. ಮೂರು ವಾರದ ಹಿಂದೆ ಕಣಕಾಲು ಮುಟ್ಟುತ್ತಿದ್ದ ಹುಲ್ಲು ಈಗ ಮೊಣಕಾಲು ದಾಟಿದೆ. ಭಾನುವಾರ ಇಬ್ಬನಿ ಆರಲಿ ಎಂದು ಕಾದು, ಹತ್ತು ಗಂಟೆ ಹೊತ್ತಿಗೆ ಮಿನಿ ಟ್ರ್ಯಾಕ್ಟರಿಗೆ ಸ್ಲ್ಯಾಷರ್ ಕಟ್ಟಿಕೊಂಡು ತೆಂಗಿನ ಸಾಲಿಗೆ ಇಳಿದೆ. ಮೊದಲ ಸಾಲು ಮುಗಿದ ಕೂಡಲೇ ಗಾಡಿ ನಿಲ್ಲಿಸಿ ಇಳಿದು ನೋಡುವುದು ನನ್ನ ರೂಢಿ. ಕೊಯ್ದು ಉಳಿದ ಬುಡದಿಂದ ಒಂದು ಎಸಳು ಕಿತ್ತು, ಬೆರಳ ನಡುವೆ ಹಿಡಿದು, ತುದಿಯನ್ನು ಬೆಳಕಿಗೆ ಒಡ್ಡುತ್ತೇನೆ. ತುದಿ ನೇರವಾಗಿ ತುಂಡಾಗಿದ್ದರೆ ಮುಂದಿನ ಸಾಲಿಗೆ ಹೋಗಬಹುದು. ನಾರು ನಾರಾಗಿ ಬಿಳಿಚಿಕೊಂಡಿದ್ದರೆ ಅಲಗು ಹುಲ್ಲನ್ನು ಕೊಯ್ದಿಲ್ಲ, ಹರಿದಿದೆ. ಎರಡು ದಿನ ಬಿಟ್ಟು ಅದೇ ಸಾಲನ್ನು ದೂರದಿಂದ ನೋಡಿದರೂ ತಿಳಿಯುತ್ತದೆ. ಚೂಪು ಅಲಗು ಹೋದ ಕಡೆ ಹಸಿರು ಹಸಿರಾಗಿಯೇ ಇರುತ್ತದೆ, ಮೊಂಡು ಅಲಗು ಹೋದ ಕಡೆ ತುದಿಯೆಲ್ಲ ಒಣಗಿ ಕಂದಾಗಿರುತ್ತದೆ.

ಭಾನುವಾರ ಕಂಡದ್ದು ನಾರು.

ತಿಪಟೂರು, ಅರಸೀಕೆರೆ ಸೀಮೆಯಲ್ಲಿ ತೆಂಗಿನ ತೋಟವೆಂದರೆ ಉತ್ತು ಹರಗಿ, ಒಂದು ಕಡ್ಡಿ ಹುಲ್ಲಿಲ್ಲದೆ ನೆಲ ಕೆಂಪಗೆ ಕಾಣಬೇಕು ಎಂಬುದು ಹಿರಿಯರ ಲೆಕ್ಕ. ಹುಲ್ಲು ಎದ್ದಿದ್ದರೆ ಅದು ಯಜಮಾನನ ಸೋಮಾರಿತನ. ನಮ್ಮ ಅಪ್ಪ ಹಾಗೆಯೇ ತೋಟ ಇಟ್ಟುಕೊಂಡಿದ್ದರು. ಮಳೆ ನೀರು ಇಂಗಬೇಕು, ಕಳೆ ಬೀಜ ಕಟ್ಟಬಾರದು ಎಂಬ ಕಾಳಜಿ ಅದರ ಹಿಂದೆ ಇತ್ತು, ಅದನ್ನು ನಾನು ಗೌರವಿಸುತ್ತೇನೆ. ಆದರೆ ತೆಂಗಿಗೆ ತಾಯಿಬೇರಿಲ್ಲ. ಬುಡದಿಂದ ಬದುಕಿಡೀ ಹೊಸ ಬೇರು ಬಿಡುತ್ತಲೇ ಇರುವ ಮರ ಅದು, ಉಣ್ಣುವ ಬೇರಿನ ಹೆಚ್ಚಿನ ಪಾಲು ಬುಡದ ಸುತ್ತ ಆರಡಿಯೊಳಗೇ ಹರಡಿರುತ್ತದೆ. ವರ್ಷಕ್ಕೆರಡು ಸಲ ಕಲ್ಟಿವೇಟರ್ ಎಳೆದಾಗ ಹಲ್ಲಿಗೆ ಸಿಕ್ಕಿ ಮೇಲೆ ಬರುತ್ತಿದ್ದ ಕೆಂಪು ಬೇರಿನ ತುಂಡುಗಳನ್ನು ನೋಡಿ ನೋಡಿ ನಾನು ಉಳುವುದನ್ನು ಬಿಟ್ಟೆ. ಈಗ ಹುಲ್ಲಿನ ಬೇರು ಮಣ್ಣು ಹಿಡಿದುಕೊಳ್ಳಲಿ, ಸೊಪ್ಪು ಕೊಯ್ಸಿಕೊಂಡು ನೆಲಕ್ಕೆ ಹೊದಿಕೆಯಾಗಲಿ ಎಂದು ತೋಟ ಮಾಡುತ್ತಿದ್ದೇನೆ. ಹೀಗೆ ಮಾಡಲು ಹೊರಟವರಿಗೆ ಉಳುಮೆಗಿಂತ ಕೊಯ್ಲು ಚೆನ್ನಾಗಿ ಬರಬೇಕು.

ಕುಡುಗೋಲು ಹಿಡಿದವರ ಎಡಗೈ ನೋಡಿ. ಬಲಗೈ ಕೊಯ್ಯುತ್ತದೆ, ಎಡಗೈ ಹುಲ್ಲಿನ ಹಿಡಿಯನ್ನು ಬಿಗಿಯಾಗಿ ಹಿಡಿದಿರುತ್ತದೆ. ಕತ್ತರಿಯಲ್ಲಿ ಆ ಕೆಲಸವನ್ನು ಎರಡನೆಯ ಅಲಗು ಮಾಡುತ್ತದೆ. ಇಂಗ್ಲೆಂಡಿನ ಸ್ಟ್ರೌಡ್ ಊರಿನ ಎಡ್ವಿನ್ ಬಡಿಂಗ್ 1830ರಲ್ಲಿ ಪೇಟೆಂಟ್ ಪಡೆದ ಹುಲ್ಲು ಕೊಯ್ಯುವ ಯಂತ್ರವೂ ಕತ್ತರಿಯ ಜಾತಿಯದೇ. ಉಣ್ಣೆ ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಗಿರಣಿಯ ಉರುಳೆಯನ್ನು ನೋಡಿ ಆತ ಅದನ್ನು ಮಾಡಿದ. ಉರುಳೆಯ ಅಲಗು ತಿರುಗಿ ಬಂದು ಕೆಳಗಿನ ನಿಂತ ಅಲಗಿಗೆ ಹುಲ್ಲನ್ನು ಒತ್ತಿ ಕತ್ತರಿಸುತ್ತದೆ. ನಮ್ಮ ಸ್ಲ್ಯಾಷರಿನಲ್ಲಿ ಹುಲ್ಲನ್ನು ಹಿಡಿಯುವ ಕೈಯೂ ಇಲ್ಲ, ಎದುರು ಅಲಗೂ ಇಲ್ಲ. ಎಸಳು ಬಾಗಿ ತಪ್ಪಿಸಿಕೊಳ್ಳುವುದರೊಳಗೆ ಅಲಗು ಅದನ್ನು ದಾಟಿ ಹೋಗಿರಬೇಕು. ಅಂದರೆ ವೇಗವೇ ಇಲ್ಲಿ ಎಡಗೈ.

ನನ್ನದು ನಾಲ್ಕಡಿ ಅಗಲದ ಸ್ಲ್ಯಾಷರ್. ಟ್ರ್ಯಾಕ್ಟರಿನಿಂದ ಸ್ಲ್ಯಾಷರಿಗೆ ತಿರುಗುವ ಬಲ ಕೊಡುವ ಪಿಟಿಓ ನಿಮಿಷಕ್ಕೆ 540 ಸುತ್ತು ತಿರುಗಿದರೆ ಗೇರ್‌ಬಾಕ್ಸ್ ಅದನ್ನು 1.93 ಪಟ್ಟು ಮಾಡಿ ಅಲಗಿಗೆ ಸುಮಾರು 1,040 ಸುತ್ತು ಕೊಡುತ್ತದೆ. ಅಲಗಿನ ತುದಿ ನಡುವಿನಿಂದ ಎರಡಡಿ ದೂರ. ಲೆಕ್ಕ ಹಾಕಿದರೆ ಆ ತುದಿ ಸೆಕೆಂಡಿಗೆ 65 ಮೀಟರ್, ಗಂಟೆಗೆ 230 ಕಿಲೋಮೀಟರಿಗೂ ಮೀರಿ ಓಡುತ್ತಿರುತ್ತದೆ. ಡೀಸೆಲ್ ಉಳಿಯಲಿ ಎಂದು ಎಕ್ಸಿಲರೇಟರ್ ಇಳಿಸಿದರೆ ಮೊದಲು ಸಾಯುವುದು ಈ ವೇಗ. ಹುಲ್ಲು ಬಾಗುತ್ತದೆ, ಅಲಗು ಅದರ ಬೆನ್ನ ಮೇಲೆ ಹಾದು ಹೋಗುತ್ತದೆ, ಮಾರನೆಯ ದಿನ ಎದ್ದು ನಿಲ್ಲುತ್ತದೆ. ಎರಡನೆಯ ಸಲ ಅದೇ ಸಾಲಿಗೆ ಹೋಗಿ ಉಳಿಸಿದ ಡೀಸೆಲ್ಲಿಗಿಂತ ಹೆಚ್ಚು ಸುಡುತ್ತೀರಿ. ಇಂಜಿನ್ ಪಿಟಿಓ ಗುರುತಿನ ಮೇಲೇ ಇರಲಿ. ನಿಧಾನ ಬೇಕೆಂದರೆ ಗೇರ್ ಇಳಿಸಿ.

ಗಾಡಿ ಗಂಟೆಗೆ ನಾಲ್ಕು ಕಿಲೋಮೀಟರ್ ಹೋಗುವಾಗ ಒಂದು ಅಲಗು ಹಾದು ಎರಡನೆಯದು ಬರುವಷ್ಟರಲ್ಲಿ ನಾವು ಮೂರು ಸೆಂಟಿಮೀಟರ್ ಮುಂದೆ ಸರಿದಿರುತ್ತೇವೆ. ಎಂಟಕ್ಕೆ ಏರಿಸಿದರೆ ಆರು ಸೆಂಟಿಮೀಟರ್, ಪ್ರತಿ ಅಲಗಿಗೂ ಎರಡರಷ್ಟು ಹುಲ್ಲು. ಮೊಣಕಾಲುದ್ದದ ಹುಲ್ಲಿನಲ್ಲಿ ನಾಲ್ಕರ ಮೇಲೆ ನಾನು ಹೋಗುವುದಿಲ್ಲ. ಒಂದು ಸಾಲಿನ ಮೇಲೆ ಇನ್ನೊಂದು ಅರ್ಧ ಅಡಿ ಕೂರಿಸಿಕೊಂಡು, ತಿರುವು, ಮರದ ಬುಡ ಎಲ್ಲ ಸೇರಿ ಎಕರೆಗೆ ಒಂದೂವರೆ ಗಂಟೆ ಹಿಡಿಯುತ್ತದೆ.

ಭಾನುವಾರ ಇಂಜಿನ್ ಸದ್ದು ಸರಿಯಿತ್ತು, ಗೇರ್ ಸರಿಯಿತ್ತು. ಉಳಿದದ್ದು ಎರಡೇ, ಅಲಗಿನ ವಾಟ ಮತ್ತು ಅಲಗಿನ ಬಾಯಿ.

ವಾಟ ಎಂದೆ, ಅದನ್ನು ಬಿಡಿಸಿ ಹೇಳಬೇಕು. ಅಲಗು ಮಟ್ಟಸವಾಗಿ ತಿರುಗಿದರೆ ಮುಂದೆ ಕೊಯ್ದ ಹುಲ್ಲಿನ ಮೇಲೆಯೇ ಹಿಂದೆ ಮತ್ತೊಮ್ಮೆ ಉಜ್ಜುತ್ತಾ ಬರುತ್ತದೆ. ಇಂಜಿನ್ ಸುಮ್ಮನೆ ಏದುಸಿರು ಬಿಡುತ್ತದೆ, ತುದಿಗಳು ಜಜ್ಜಿ ಹೋಗುತ್ತವೆ. ಆದ್ದರಿಂದ ಮುಂದಿನ ತುದಿ ಹಿಂದಿನದಕ್ಕಿಂತ ಅರ್ಧ ಇಂಚು ತಗ್ಗಿರಬೇಕು. ಅಳೆಯುವುದು ಮೇಲಿನ ತಗಡಿನಿಂದಲ್ಲ, ಅಲಗಿನ ತುದಿಯಿಂದಲೇ. ಇಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿ, ಸಿಮೆಂಟು ಕಣದ ಮೇಲೆ ಗಾಡಿ ನಿಲ್ಲಿಸಿ, ಅಲಗನ್ನು ಕೈಯಲ್ಲೇ ಮುಂದಕ್ಕೆ ತಿರುಗಿಸಿ ಒಮ್ಮೆ, ಹಿಂದಕ್ಕೆ ತಿರುಗಿಸಿ ಒಮ್ಮೆ ಅಳತೆ ಹಿಡಿಯಬೇಕು. ವ್ಯತ್ಯಾಸ ಬಂದರೆ ಟಾಪ್ ಲಿಂಕನ್ನು ಒಂದೆರಡು ಸುತ್ತು ತಿರುಗಿಸಿದರೆ ಸಾಕು. ನನ್ನದು ಅರ್ಧ ಇಂಚಿಗೇ ನಿಂತಿತ್ತು.

ಅಮೆರಿಕದ ನಾರ್ತ್ ಕೆರೊಲೈನದಲ್ಲಿರುವ ತಂಗಿ ಮನೆಯಲ್ಲಿ ಇದೇ ಗಾತ್ರದ ಟ್ರ್ಯಾಕ್ಟರಿದೆ. ಅವರ ಕೊಯ್ಯುವ ಡೆಕ್ ಹಿಂದೆ ಅಲ್ಲ, ಗಾಡಿಯ ಹೊಟ್ಟೆಯಡಿ ಇರುತ್ತದೆ. ತಗಡಿನ ಕೆಳಗೆ ಮೂರು ಅಲಗು ಬೆಲ್ಟಿನಿಂದ ತಿರುಗುತ್ತವೆ. ಒಂದೊಂದರ ಹಿಂಬದಿಯೂ ರೆಕ್ಕೆಯಂತೆ ಮೇಲಕ್ಕೆ ಮಡಿಚಿದೆ. ತಿರುಗಿದಾಗ ಆ ರೆಕ್ಕೆ ಗಾಳಿಯನ್ನು ಮೇಲಕ್ಕೆಳೆದು, ಮಲಗಿದ ಹುಲ್ಲನ್ನು ಎಬ್ಬಿಸಿ ಅಲಗಿಗೆ ಕೊಡುತ್ತದೆ. ಡೆಕ್ಕಿನ ಒಳಮೈಗೆ ಒದ್ದೆ ಹುಲ್ಲು ಮೆತ್ತಿಕೊಂಡರೆ ಈ ಗಾಳಿ ಕಟ್ಟಿ, ಸಾಲಿನ ನಡುವೆ ಜುಟ್ಟು ಜುಟ್ಟಾಗಿ ಹುಲ್ಲು ಉಳಿಯುತ್ತದೆ. ಭಾವ ವಾರಕ್ಕೊಮ್ಮೆ ಮರದ ಸಲಿಕೆಯಿಂದ ಅದನ್ನು ಕೆರೆಯುವುದನ್ನು ಕಂಡೆ. ಅಂಗಳದಂತಹ ನೆಲಕ್ಕೆ ಅದು ಒಳ್ಳೆಯ ಯಂತ್ರ. ಅಲ್ಲಿ ಅಲಗನ್ನು ನಟ್ಟಿನಿಂದ ಬಿಗಿದಿರುತ್ತಾರೆ. ಕಲ್ಲು, ತೆಂಗಿನ ಚಿಪ್ಪು, ಮಟ್ಟೆ ಬಿದ್ದಿರುವ ನಮ್ಮ ತೋಟಕ್ಕೆ ಅದು ಹೊಂದದು. ಸ್ಲ್ಯಾಷರಿನಲ್ಲಿ ನಟ್ಟು ಬಿಗಿಯಾಗಿದ್ದರೂ ಅಲಗು ಬೋಲ್ಟಿನ ಸುತ್ತ ಸಡಿಲವಾಗಿ ತಿರುಗುತ್ತದೆ. ಕಲ್ಲಿಗೆ ತಾಗಿದರೆ ಹಿಂದಕ್ಕೆ ಮಡಚಿಕೊಂಡು, ಮತ್ತೆ ತಿರುಗುವ ರಭಸಕ್ಕೆ ನೆಟ್ಟಗಾಗುತ್ತದೆ. ತಿಂಗಳಿಗೊಮ್ಮೆ ಕೈಯಿಂದ ಆಡಿಸಿ ನೋಡಿ. ಮಣ್ಣು, ತುಕ್ಕು ಕಟ್ಟಿ ಹಿಡಿದುಕೊಂಡಿದ್ದರೆ ಕಲ್ಲಿನ ಪೆಟ್ಟು ನೇರ ಗೇರ್‌ಬಾಕ್ಸಿಗೇ ಹೋಗುತ್ತದೆ.

ವಾಟ ಸರಿಯಿದ್ದುದರಿಂದ, ಬಾಯಿ ನೋಡಲು ಸ್ಲ್ಯಾಷರ್ ಎತ್ತಿ, ಅಡಿಗೆ ಮರದ ದಿಮ್ಮಿ ಕೊಟ್ಟೆ. ಹೈಡ್ರಾಲಿಕ್ ಒಂದನ್ನೇ ನಂಬಿ ಎಂದೂ ಕೆಳಗೆ ಕೈ ಹಾಕಬಾರದು, ಎಣ್ಣೆ ಸೋರಿ ಅದು ತಾನಾಗಿಯೇ ಕುಸಿಯುತ್ತದೆ. ಒಂದು ಅಲಗಿನ ಬಾಯಿ ಬೆರಳಗಲ ಮುಕ್ಕಾಗಿತ್ತು, ಇನ್ನೊಂದು ಬರೀ ಮೊಂಡು. ಎರಡನ್ನೂ ಬಿಚ್ಚಿಕೊಂಡು ಸೋಮವಾರ ಪೇಟೆಗೆ ಹೋದೆ.

ವೆಲ್ಡಿಂಗ್ ಅಂಗಡಿಯ ಮೇಸ್ತ್ರಿಗೆ ನನಗಿಂತ ಇಪ್ಪತ್ತು ವರ್ಷ ಕಡಿಮೆ ವಯಸ್ಸು. ಉಳುವವರ ಮನೆಯ ಹುಡುಗ, ಕಬ್ಬಿಣದ ಹದ ಬಲ್ಲವನು. ಗ್ರೈಂಡರ್ ಹಿಡಿದವನಿಗೆ ಇನ್ನೂ ಸ್ವಲ್ಪ ಚೂಪು ಮಾಡಪ್ಪ ಎಂದೆ. ಅವನು ಕೈ ನಿಲ್ಲಿಸಿದ.

"ಬೇಡಿ ಅಣ್ಣ. ಕ್ಷೌರದ ಕತ್ತಿ ಥರ ಮಾಡಿದ್ರೆ ಮೊದಲನೇ ಕಲ್ಲಿಗೇ ಬಾಯಿ ಮಡಚ್ಕೊಳ್ಳುತ್ತೆ. ಒಂದು ರೂಪಾಯಿ ಕಾಯಿನ್ ದಪ್ಪ ಬಿಡ್ತೀನಿ. ಅಷ್ಟು ಚೂಪು ಸಾಕು, ಉಳಿದದ್ದನ್ನ ಓಟ ಕೊಯ್ಯುತ್ತೆ."

ಮೇಲಿನ ಇಳಿಜಾರು ಮುಖವನ್ನಷ್ಟೇ, ಮೊದಲಿದ್ದ ಓರೆಯಲ್ಲೇ ಉಜ್ಜಿದ. ನಾಲ್ಕೈದು ಎಳೆತಕ್ಕೊಮ್ಮೆ ಪಕ್ಕದ ಡಬ್ಬಿ ನೀರಿನಲ್ಲಿ ಅದ್ದುತ್ತಿದ್ದ. ಕಬ್ಬಿಣ ನೀಲಿ ತಿರುಗಿತೆಂದರೆ ಅದರ ಹದ ಹೋಯಿತು, ಆಮೇಲೆ ಎಷ್ಟು ಸಾಣೆ ಹಿಡಿದರೂ ಎರಡು ಎಕರೆಗೆ ಮೊಂಡಾಗುತ್ತದೆ. ಮುಕ್ಕನ್ನು ತೆಗೆಯಲು ಆ ಅಲಗನ್ನು ಹೆಚ್ಚು ಸವೆಸಬೇಕಾಯಿತು. ಆಮೇಲೆ ಅವನು ಮಾಡಿದ ಕೆಲಸಕ್ಕೇ ನಾನು ಅವನನ್ನು ಹುಡುಕಿಕೊಂಡು ಹೋಗುವುದು. ಎರಡು ಅಲಗನ್ನೂ ಎತ್ತಿಕೊಂಡು ಪಕ್ಕದ ದಿನಸಿ ಅಂಗಡಿಯ ತಕ್ಕಡಿಗೆ ಇಟ್ಟ. ನಲವತ್ತು ಗ್ರಾಂ ವ್ಯತ್ಯಾಸ ಬಂತು.

ನಲವತ್ತು ಗ್ರಾಂ ಎಂದರೆ ಒಂದು ಮುಷ್ಟಿ ಕಡಲೆ. ನಿಂತಲ್ಲಿ ಅದು ಲೆಕ್ಕಕ್ಕಿಲ್ಲ. ನಡುವಿನಿಂದ ಅರ್ಧ ಮೀಟರ್ ದೂರದಲ್ಲಿ ನಿಮಿಷಕ್ಕೆ 1,040 ಸುತ್ತು ತಿರುಗುವಾಗ ಅದೇ ನಲವತ್ತು ಗ್ರಾಂ ಗೇರ್‌ಬಾಕ್ಸಿನ ಶಾಫ್ಟನ್ನು ಇಪ್ಪತ್ತನಾಲ್ಕು ಕಿಲೋ ತೂಕದಂತೆ ಪಕ್ಕಕ್ಕೆ ಎಳೆಯುತ್ತದೆ, ಆ ಎಳೆತ ಸೆಕೆಂಡಿಗೆ ಹದಿನೇಳು ಸಲ ಸುತ್ತ ತಿರುಗುತ್ತದೆ. ಸೀಟಿನಲ್ಲಿ ಕೂತವರಿಗೆ ತೊಡೆ ಜುಮ್ಮೆನ್ನುವುದು ಅದರಿಂದ, ಬೇರಿಂಗ್ ಸಾಯುವುದೂ ಅದರಿಂದ. ಮೇಸ್ತ್ರಿ ಭಾರದ ಅಲಗಿನ ಬಾಯಿ ಮುಟ್ಟದೆ ತುದಿಯ ಹಿಂಬದಿಯಲ್ಲಿ ಅಷ್ಟಷ್ಟೇ ಉಜ್ಜಿ, ಮೂರು ಸಲ ತಕ್ಕಡಿಗೆ ಓಡಿ, ಎರಡನ್ನೂ ಸಮ ಮಾಡಿದ. ಅಲಗು ಬದಲಿಸುವುದಾದರೆ ಜೋಡಿಯಾಗಿಯೇ ಬದಲಿಸಬೇಕು. ಹಳೆಯದೊಂದು ಹೊಸದೊಂದು ಹಾಕಿ ದುಡ್ಡು ಉಳಿಸಿದೆ ಎನ್ನುವವರ ಗೇರ್‌ಬಾಕ್ಸ್ ಹೆಚ್ಚು ದಿನ ಬಾಳಿದ್ದನ್ನು ನಾನು ಕಂಡಿಲ್ಲ.

ಗೇರ್‌ಬಾಕ್ಸಿನ ಮಾತು ಬಂದಾಗ ಹನಿ ನೀರಾವರಿಯ ಪೈಪಿನ ಬಗ್ಗೆ ಎಚ್ಚರಿಸಲೇಬೇಕು. ನಾಲ್ಕು ವರ್ಷದ ಹಿಂದೆ ಹುಲ್ಲಿನಲ್ಲಿ ಹುದುಗಿದ್ದ ಹಳೆಯ ಡ್ರಿಪ್ ಪೈಪಿನ ತುಂಡೊಂದು ನನ್ನ ಸ್ಲ್ಯಾಷರಿಗೆ ಸಿಕ್ಕಿತು. ಏನೋ ಚಟಪಟ ಎಂದಿತು, ಕಾಣಲಿಲ್ಲ, ಕೆಲಸ ಮುಂದುವರಿಸಿದೆ. ಅದು ಅಲಗಿನ ತಟ್ಟೆಯ ಮೇಲೆ, ಶಾಫ್ಟಿನ ಸುತ್ತ ಜಡೆಯಂತೆ ಸುತ್ತಿಕೊಂಡು, ಬಿಸಿಗೆ ಕರಗಿ, ಆಯಿಲ್ ಸೀಲನ್ನು ತಿಂದು ಹಾಕಿತ್ತು. 90 ನಂಬರ್ ಎಣ್ಣೆ ತೊಟ್ಟು ತೊಟ್ಟಾಗಿ ಹುಲ್ಲಿನ ಪಾಲಾಯಿತು. ಸದ್ದು ಬದಲಾದಾಗ ಗೇರ್‌ಬಾಕ್ಸ್ ಮುಟ್ಟಲಾರದಷ್ಟು ಬಿಸಿಯಾಗಿತ್ತು. ಆ ವರ್ಷದ ಕೊಯ್ಲು ಅಲ್ಲಿಗೆ ಮುಗಿಯಿತು. ಈಗ ಸಾಲಿಗೆ ಇಳಿಯುವ ಮೊದಲು ಒಂದು ಸುತ್ತು ನಡೆದು ಪೈಪು, ತಂತಿ, ಗೋಣಿ ದಾರ, ಮಟ್ಟೆ ಎಲ್ಲ ಆಯುತ್ತೇನೆ. ಸಂಜೆ ಗಾಡಿ ನಿಲ್ಲಿಸಿದ ಮೇಲೆ ದಿಮ್ಮಿ ಕೊಟ್ಟು, ಬಗ್ಗಿ, ಶಾಫ್ಟಿನ ಬುಡಕ್ಕೆ ಟಾರ್ಚ್ ಬಿಡುತ್ತೇನೆ. ವೆಲ್ವೆಟ್ ಬೀನ್ಸ್ ಬಳ್ಳಿ ಬೆಳೆಸಿದವರು ಇದನ್ನು ದಿನಕ್ಕೆರಡು ಸಲ ಮಾಡಬೇಕು.

ಗ್ರೀಸ್ ವಿಷಯ ಎಲ್ಲರಿಗೂ ಗೊತ್ತು, ಪಿಟಿಓ ಶಾಫ್ಟಿನ ಎರಡು ಕ್ರಾಸಿಗೂ ಎಂಟು ಗಂಟೆ ಕೆಲಸಕ್ಕೊಮ್ಮೆ ಗನ್ ಹಿಡಿಯಿರಿ. ಒಂದರೊಳಗೊಂದು ಜಾರುವ ಕೊಳವೆಗೂ ಬೇಕೆಂಬುದನ್ನು ಮಾತ್ರ ಹಲವರು ಮರೆಯುತ್ತಾರೆ. ಶಿಯರ್ ಬೋಲ್ಟ್ ಪದೇ ಪದೇ ತುಂಡಾಗುತ್ತದೆಂದು ಗಟ್ಟಿ ಬೋಲ್ಟ್ ಹಾಕಬೇಡಿ. ಅದು ಮುರಿಯುವುದಕ್ಕೆಂದೇ ಇರುವ ಬೋಲ್ಟು. ಅದು ಮುರಿಯದಿದ್ದರೆ ಒಳಗಿನ ಹಲ್ಲು ಮುರಿಯುತ್ತದೆ.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಪಿಟಿಓ ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚವನ್ನು ಕಿತ್ತೆಸೆಯಬೇಡಿ. ಗ್ರೀಸ್ ಹಚ್ಚಲು ಅಡ್ಡಿ ಎಂದು ಕೊಂಡ ತಿಂಗಳಲ್ಲೇ ಅದನ್ನು ತೆಗೆದಿಟ್ಟ ಗಾಡಿಗಳನ್ನು ನಮ್ಮ ಸುತ್ತ ಎಷ್ಟೋ ನೋಡಿದ್ದೇನೆ. ಆ ಶಾಫ್ಟ್ ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುತ್ತದೆ. ಪಂಚೆಯ ಅಂಚೋ ಹೆಗಲ ಟವಲ್ಲಿನ ತುದಿಯೋ ಸಿಕ್ಕಿದರೆ ಒಂದು ಸೆಕೆಂಡಿಗೆ ಒಂದೂವರೆ ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ, ಕೂಗುವ ಮೊದಲೇ ಮೈ ಅಲ್ಲಿರುತ್ತದೆ. ಪಂಚೆ ಉಟ್ಟು ಗಾಡಿ ಹತ್ತಬೇಡಿ. ಪಿಟಿಓ ತಿರುಗುತ್ತಿರುವಾಗ ಸೀಟು ಬಿಟ್ಟು ಇಳಿಯಬೇಡಿ. ಕಾಯಿ ಆಯುವ ಅಕ್ಕಂದಿರು, ಬುತ್ತಿ ತರುವ ಮಕ್ಕಳು ತೋಟದಲ್ಲಿದ್ದಾಗ ಅಲಗು ತಿರುಗಿಸಲೇಬೇಡಿ. ಹಿಂದಿನ ಸರಪಳಿ ಪರದೆ ಎಷ್ಟೇ ಗಟ್ಟಿಯಿರಲಿ, ಆ ವೇಗದಲ್ಲಿ ಸಿಡಿದ ಕಲ್ಲು ಸಂದು ಹುಡುಕಿಕೊಳ್ಳುತ್ತದೆ.

ಎತ್ತರ ಎಷ್ಟಿರಬೇಕೆಂದು ಕೇಳುವವರಿಗೆ ನಾಲ್ಕು ಇಂಚು ಎನ್ನುತ್ತೇನೆ. ಅದಕ್ಕಿಂತ ತಗ್ಗಿಸಿದರೆ ಅಲಗು ಗೆದ್ದಲ ಮಣ್ಣು ಕಡಿಯುತ್ತದೆ, ನೆಲ ಬತ್ತಲೆಯಾಗುತ್ತದೆ, ಆ ಬೆಳಕಿಗೆ ಕಾದು ಕೂತ ಪಾರ್ಥೇನಿಯಂ ಬೀಜ ಮೊಳೆಯುತ್ತದೆ. ಪಾರ್ಥೇನಿಯಂ ಇದ್ದರೆ ಹೂ ಬಿಡುವ ಮುಂಚೆ ಹೋಗಿ, ಅದು ಬುಡದಿಂದ ಮತ್ತೆ ಚಿಗುರುತ್ತದೆ, ಮತ್ತೆ ಹೋಗಿ. ಗರಿಕೆ ಎಷ್ಟು ಕೊಯ್ದರೂ ಹೆಣೆದುಕೊಂಡು ಚಾಪೆಯಾಗುತ್ತದೆ. ಪೂರ್ವದ ಬದುವಿನ ಬಳಿ ತುಂಬೆ ಹೂ ಬಿಟ್ಟಿದೆ, ತುಡುವೆ ಜೇನು ಬೆಳಗಿನಿಂದ ಅದರ ಮೇಲೇ ಇರುತ್ತದೆ. ಆ ಎರಡು ಮಾರು ಅಗಲವನ್ನು ಸ್ವಾತಿ ಮಳೆ ಕಳೆಯುವ ತನಕ ನಾನು ಮುಟ್ಟುವುದಿಲ್ಲ.

ಮಂಗಳವಾರ ಅಲಗು ಕೂರಿಸಿ ಇಳಿದೆ. ಸೀಟು ಅಲುಗಲಿಲ್ಲ. ಮೇಲಿನ ಒಂಬತ್ತು ಸಾಲು ಸಂಜೆಯೊಳಗೆ ಮುಗಿದವು. ಕೆರೆ ಕಡೆಯ ಮೂರು ಸಾಲಿನಲ್ಲಿ ಕಾಲಿಟ್ಟರೆ ಹೆಜ್ಜೆಯಲ್ಲಿ ನೀರು ಒಸರುತ್ತಿತ್ತು, ಹಸಿ ನೆಲದ ಮೇಲೆ ಗಾಡಿ ಓಡಿಸಿ ಮಣ್ಣು ಗಟ್ಟಿ ಮಾಡಲು ಮನಸ್ಸು ಬರಲಿಲ್ಲ. ಅವು ಇನ್ನೂ ನಿಂತಿವೆ. ನಾಲ್ಕು ದಿನ ಬಿಸಿಲು ಬಿದ್ದರೆ ಶನಿವಾರ.