ಪಲ್ಲೆ ಸೋಸಲು ಹೊತ್ತು ಬೇಕು

ಹೊರಗಿನದು ತಿನ್ನಬೇಡಿ, ಮನೆಯಲ್ಲೇ ಕಾಯಿಪಲ್ಲೆ ಮಾಡಿಕೊಂಡು ಉಣ್ಣಿ ಎಂಬ ಬುದ್ಧಿಮಾತು ಈಗ ದವಾಖಾನೆಯಲ್ಲೂ ಸಿಗುತ್ತದೆ, ಮೊಬೈಲಿನಲ್ಲೂ ಸಿಗುತ್ತದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮಂದಿಗೆ ಇದರಲ್ಲಿ ಹೊಸದೇನಿಲ್ಲ. ರೊಟ್ಟಿ, ಪಲ್ಲೆ, ಕಾಳು, ಹಿಂಡಿ, ಮಜ್ಜಿಗೆ ಇಲ್ಲಿನ ತಾಟಿನಲ್ಲಿ ಮೊದಲಿನಿಂದಲೂ ಇವೆ. ಆದರೂ ಈ ಊಟ ದುಡಿಯುವವರ ಮನೆಗಳಿಂದಲೇ ಮೊದಲು ಜಾರುತ್ತಿದೆ. ಇದಕ್ಕೆ ನಾಲಿಗೆಯ ಚಪಲವನ್ನು ದೂರುವುದು ಸುಲಭ. ನನ್ನ ಪ್ರಕಾರ ಕಾರಣ ಅಡುಗೆಮನೆಯ ಹೊರಗಿದೆ.

ಮೊದಲು ಈ ಊಟದ ಗುಣ ನೋಡೋಣ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ. ಮಡಕಿ, ಹೆಸರು, ತೊಗರಿಯಲ್ಲಿ ಅದು ಧಾರಾಳ. ರೊಟ್ಟಿಗೆ ಕಾಳುಪಲ್ಲೆ ಜೋಡಿಯಾದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ತಾಟಿನ ಅಂಚಿಗೆ ಹಸಿಯಾಗಿಯೇ ಇಡುವ ಹಕ್ಕರಕಿ, ಮೆಂತ್ಯೆ ಸೊಪ್ಪು, ಎಳೆ ಮೂಲಂಗಿಗೆ ಬಾಯಿರುಚಿಯ ಆಚೆಗೂ ಕೆಲಸವಿದೆ. ಅವುಗಳಲ್ಲಿರುವ ಸಿ ಜೀವಸತ್ವದಿಂದ ಜೋಳ ಮತ್ತು ಕಾಳಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎರಡು ಹೊತ್ತು ಪಲ್ಲೆ, ಜೊತೆಗೆ ಹಸಿ ಸೊಪ್ಪು, ಸವತಿಕಾಯಿ ಇರುವ ಮನೆಗೆ ಆ ಲೆಕ್ಕ ದೂರದ್ದಲ್ಲ.

ಪುಂಡಿಪಲ್ಲೆಯನ್ನೇ ತೆಗೆದುಕೊಳ್ಳಿ. ಕಡ್ಡಿಯಿಂದ ಎಲೆ ಬಿಡಿಸಿ, ಸೋಸಿ, ತೊಳೆದು ಕುದಿಸಬೇಕು. ಹುಳಿ ಹೆಚ್ಚಾಗಿದ್ದರೆ ನೀರು ಬಸಿಯಬೇಕು. ಅದಕ್ಕೆ ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಜಜ್ಜಿದ ಹಸಿಮೆಣಸಿನಕಾಯಿ ಹಾಕಿ ಮತ್ತೆ ಬೇಯಿಸಿ, ಚೆನ್ನಾಗಿ ಮಸೆದು, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ ಕೊಡಬೇಕು. ಹುಳಿ ಇರುವುದರಿಂದ ಮರುದಿನಕ್ಕೂ ಕೆಡುವುದಿಲ್ಲ, ರುಚಿಯೂ ಏರುತ್ತದೆ. ಖರ್ಚು ನೋಡಿದರೆ ಬಲು ಕಡಿಮೆ, ಕೆಲಸ ನೋಡಿದರೆ ಬಲು ಹೆಚ್ಚು. ಈ ಅಡುಗೆಯ ಶಕ್ತಿಯೂ ಮಿತಿಯೂ ಇಲ್ಲೇ ಇವೆ.

ಯಾಕೆಂದರೆ ಇದು ಮಳೆಯನ್ನು ನಂಬಲಾಗದ ಜನ ಕಟ್ಟಿದ ಅಡುಗೆ. ಅಥಣಿ, ರಾಯಬಾಗದ ಒಣಬೇಸಾಯದವರಿಗೆ ಫಸಲಿನ ಖಾತ್ರಿ ಎಂದೂ ಇರಲಿಲ್ಲ. ಅದಕ್ಕೇ ಕಡಕ್ ರೊಟ್ಟಿ ತಟ್ಟಿ ಪೇರಿಸಿಟ್ಟರು. ಶೇಂಗಾ, ಅಗಸಿ, ಗುರೆಳ್ಳು ಕುಟ್ಟಿ ಹಿಂಡಿ ತುಂಬಿಟ್ಟರು. ಹಕ್ಕರಕಿಯಂಥ, ಬಿತ್ತದೆ ಬೆಳೆದ ಸೊಪ್ಪನ್ನೂ ಗುರುತಿಟ್ಟುಕೊಂಡರು. ಕಿಸೆಯಲ್ಲಿ ದುಡ್ಡಿಲ್ಲದಾಗಲೂ ಈ ಅಡುಗೆ ನಡೆಯುತ್ತದೆ. ಹೊತ್ತಿಲ್ಲದಾಗ ಮಾತ್ರ ನಡೆಯುವುದಿಲ್ಲ.

ಇಂದಿನ ನೌಕರಿ ಕಿತ್ತುಕೊಳ್ಳುತ್ತಿರುವುದು ಆ ಹೊತ್ತನ್ನೇ. ಐಟಿಐ, ಡಿಪ್ಲೊಮಾ ಮುಗಿಸಿದ ಹುಡುಗರು ನಿಪ್ಪಾಣಿ, ಚಿಕ್ಕೋಡಿಯ ಕಡೆಯಿಂದ ಮಹಾರಾಷ್ಟ್ರದ ಕಾಗಲ್, ಗೋಕುಳ ಶಿರಗಾಂವ, ಇಚಲಕರಂಜಿಗೆ, ಕಾಗವಾಡದ ಕಡೆಯಿಂದ ಮಿರಜ, ಸಾಂಗಲಿಗೆ ಹೋಗುತ್ತಾರೆ. ಕೆಲಸ ಕಾರ್ಖಾನೆಯದು, ಹೆಸರು ಗುತ್ತಿಗೆದಾರನ ಪಟ್ಟಿಯಲ್ಲಿ. ಈ ವಾರ ಹಗಲುಪಾಳಿ, ಮುಂದಿನ ವಾರ ರಾತ್ರಿಪಾಳಿ, ನಂತರ ಕರೆ ಬರುತ್ತದೋ ಇಲ್ಲವೋ ಗೊತ್ತಿಲ್ಲ. ವರ್ಷವಿಡೀ ನಡೆಯುವ ಕೆಲಸದಲ್ಲಿ ಗುತ್ತಿಗೆ ಪದ್ಧತಿಯನ್ನು ನಿಷೇಧಿಸುವ ಅಧಿಕಾರವನ್ನು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಸರ್ಕಾರಕ್ಕೆ ಕೊಟ್ಟಿತ್ತು. ಅರ್ಧ ಶತಮಾನ ಕಳೆದರೂ ಪದ್ಧತಿ ಹೋಗಲಿಲ್ಲ. ಓದಿದರೆ ಬದುಕು ನೆಲೆಗೆ ನಿಲ್ಲುತ್ತದೆಂದು ನಂಬಿ ಹೊಲ ಅಡವಿಟ್ಟು ಓದಿಸಿದ ತಾಯಿ-ತಂದೆಯರ ಭ್ರಮನಿರಸನ ಸಣ್ಣದಲ್ಲ. ನಾಳೆಯ ಪಾಳಿ ಯಾವುದೆಂದು ತಿಳಿಯದ ಮನೆಯಲ್ಲಿ ರಾತ್ರಿ ಮಡಕಿ ನೆನೆಹಾಕುವವರು ಯಾರು? ಬೆಳಿಗ್ಗೆ ಎಸರು ಕಾಯಿಸಿ ಹಿಟ್ಟು ನಾದುವವರು ಯಾರು? ಬಸ್‌ಸ್ಟ್ಯಾಂಡಿನ ವಡಾಪಾವ್, ರಾತ್ರಿಯ ಪ್ಯಾಕೆಟ್ ನೂಡಲ್ಸ್ ಆ ಮನೆಯ ಹೊತ್ತಿಗೆ ಹೊಂದುತ್ತವೆ, ಅಷ್ಟೇ.

ಹೊಲವೂ ಬದಲಾಗಿದೆ. ಉಗಾರ ಶುಗರ್ ಕಂಪನಿ 1939ರಲ್ಲಿ ಶುರುವಾಯಿತು. ಮುಂದೆ ಚಿಕ್ಕೋಡಿ, ನಿಪ್ಪಾಣಿ, ಅಥಣಿಯಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಗಳು ಬಂದವು. ಕೃಷ್ಣಾ, ದೂಧಗಂಗಾ ನೀರಿನ ಜೊತೆ ಕಬ್ಬು ಹಬ್ಬಿತು. ರೈತರ ಕೈಗೆ ರೊಕ್ಕ ಬಂತು, ಇದನ್ನು ಅಲ್ಲಗಳೆಯಲಾಗದು. ಆದರೆ ಹಕ್ಕರಕಿ ಹುಟ್ಟುವುದು ಜೋಳ, ಕಡಲೆಯ ಹೊಲದಲ್ಲಿ. ಎದೆಮಟ್ಟ ನಿಂತ ಕಬ್ಬಿನೊಳಗೆ, ಕಳೆನಾಶಕ ಬಿದ್ದ ನೆಲದಲ್ಲಿ ಅದಕ್ಕೆ ಜಾಗವಿಲ್ಲ. ಪುಕ್ಕಟೆ ಸಿಗುತ್ತಿದ್ದ ಸೊಪ್ಪು ಈಗ ಸಂತೆಯಲ್ಲಿ ಕೊಳ್ಳಬೇಕಾದ ಮಾಲು. ಕಬ್ಬು ನುರಿಸುವ ಹಂಗಾಮು ಮುಗಿದರೆ ಹಂಗಾಮಿ ಕೆಲಸಗಾರನ ಕೂಲಿಯೂ ನಿಲ್ಲುತ್ತದೆ.

ಹಾಗೆಂದು ಹಳೆಯ ಅಡುಗೆಮನೆಯನ್ನು ಬರೀ ಹೊಗಳಲು ನಾನು ತಯಾರಿಲ್ಲ. ಖಾನಾವಳಿಯ ಎಣ್ಣೆಗಾಯಿಯಲ್ಲಿ ಬದನೆಕಾಯಿಗಿಂತ ಎಣ್ಣೆಯೇ ಹೆಚ್ಚು. ದಿನಕ್ಕೆ 5 ಗ್ರಾಂ ದಾಟಬಾರದ ಉಪ್ಪು ಹಿಂಡಿ, ಉಪ್ಪಿನಕಾಯಿ, ಸಂಡಿಗೆಯಲ್ಲೇ ಹೆಚ್ಚುಪಾಲು ಸೇರಿಹೋಗುತ್ತದೆ. ಇದಕ್ಕಿಂತ ದೊಡ್ಡ ಲೋಪ ಇನ್ನೊಂದಿದೆ. ಎಲ್ಲರಿಗಿಂತ ಮೊದಲೆದ್ದು ರೊಟ್ಟಿ ತಟ್ಟಿದವಳೇ ಕಡೆಗೆ ಉಣ್ಣುತ್ತಾಳೆ, ಅಷ್ಟು ಹೊತ್ತಿಗೆ ಪಲ್ಲೆಯ ಪಾತ್ರೆ ತಳ ಕಂಡಿರುತ್ತದೆ. ಆಕೆಯೂ ಹೊರಗೆ ಕೂಲಿಗೆ ಹೋಗುವವಳು. ‘ಮನೆಯೂಟಕ್ಕೆ ಮರಳಿ’ ಎಂಬ ಕರೆ ಈ ಭಾರವನ್ನು ಕಾಣದಿದ್ದರೆ ಅದು ಹೆಂಗಸರ ಮೇಲೆ ಇನ್ನೊಂದು ಪಾಳಿ ಹೇರಿದಂತೆ.

ಕೂಡಿ ಕೇಳದೆ ಇಂಥ ಭಾರ ಇಳಿಯುವುದಿಲ್ಲ ಎಂಬುದನ್ನು ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರು ಬಹಳ ಹಿಂದೆಯೇ ಅರಿತಿದ್ದರು. ಅವರು ಸಂಘ ಕಟ್ಟಿದ ಕಥೆಯನ್ನು ಚಿತ್ರ ನಿರ್ದೇಶಕಿ ದೀಪಾ ಧನರಾಜ್ ಇದ್ದ ಯುಗಾಂತರ್ ಎಂಬ ಚಿತ್ರತಂಡ ಅವರೊಡನೆಯೇ ಕೂಡಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಚಿತ್ರವಾಗಿಸಿತು, ಅದು 1982ರದು. ದುಡಿಮೆಯ ಭದ್ರತೆಯನ್ನು ಈ ನೆಲದಲ್ಲಿ ಯಾರೂ ಕರೆದು ಕೊಟ್ಟಿಲ್ಲ, ಕೂಡಿ ಕೇಳಿದವರಿಗೆ ಅಷ್ಟಿಷ್ಟು ಸಿಕ್ಕಿದೆ. ಇಂದಿನ ಗುತ್ತಿಗೆ ಹುಡುಗರು ಬೇರೆ ಬೇರೆ ಗುತ್ತಿಗೆದಾರರ ಪಟ್ಟಿಯಲ್ಲಿ ಹಂಚಿಹೋಗಿದ್ದಾರೆ. ಕೂಡುವುದೇ ಅವರಿಗೆ ಕಷ್ಟ.

ಆದ್ದರಿಂದ ಈ ಅಡುಗೆಗೆ ನನ್ನ ತೀರ್ಪು ಇಷ್ಟು: ಗುಣದಲ್ಲಿ ಇದು ಉತ್ತಮ, ನ್ಯಾಯದಲ್ಲಿ ಅಪೂರ್ಣ. ಇದನ್ನು ಉಳಿಸಲು ಪಾಕಪುಸ್ತಕ ಸಾಲದು. ಪಾಳಿಯ ಪಟ್ಟಿ ಮುಂಚಿತವಾಗಿ ತಿಳಿಯಬೇಕು. ವರ್ಷವಿಡೀ ನಡೆಯುವ ಕೆಲಸಕ್ಕೆ ವರ್ಷವಿಡೀ ನೌಕರಿ ಇರಬೇಕು. ಪಲ್ಲೆ ಸೋಸುವ ಕೆಲಸಕ್ಕೆ ಗಂಡಸರೂ ಕೂಡಬೇಕು. 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆ ಕ್ಯಾಂಟೀನ್ ಬೇಕೆಂಬ ನಿಯಮವನ್ನು 1948ರ ಕಾರ್ಖಾನೆ ಕಾಯ್ದೆಯೇ ತಂದಿತ್ತು. ಅಂಥ ಕ್ಯಾಂಟೀನುಗಳು ನಮ್ಮ ಹಳ್ಳಿಗಳ ಸ್ವಸಹಾಯ ಸಂಘಗಳಿಂದ ರೊಟ್ಟಿ, ಕಾಳುಪಲ್ಲೆ ಕೊಳ್ಳಲಿ. ದುಡಿಯುವವನ ಹೊಟ್ಟೆಗೆ ಒಳ್ಳೆಯ ಊಟ ಸಿಗುತ್ತದೆ, ಇಷ್ಟು ಕಾಲ ಬಿಟ್ಟಿಯಾಗಿ ತಟ್ಟಿದ ಕೈಗಳಿಗೆ ಸಂಬಳವೂ ಸಿಗುತ್ತದೆ.