‘ಯಾವ ಓಣಿ?’ ಎಂಬ ಪ್ರಶ್ನೆ

ಯಾದಗಿರಿ, ಶಹಾಪುರ, ಸುರಪುರಗಳ ಬಗ್ಗೆ ಬಂದ ಲೇಖನ, ಸ್ಮರಣ ಸಂಚಿಕೆ, ಭಾಷಣಗಳಲ್ಲೆಲ್ಲ ಒಂದೇ ರಾಗ: ಇದು ಸೌಹಾರ್ದದ ನೆಲ, ಇಲ್ಲಿ ಎಲ್ಲರೂ ಅಣ್ಣತಮ್ಮಂದಿರಂತೆ ಬಾಳಿದವರು, ಇಲ್ಲಿ ಊರೇ ಮನುಷ್ಯನನ್ನು ತಿದ್ದಿ ಬೆಳೆಸುತ್ತದೆ. ಊರು ಮನುಷ್ಯನನ್ನು ತಿದ್ದುತ್ತದೆ ಎಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಯಾರನ್ನು, ಯಾವ ಅಚ್ಚಿಗೆ ಹಾಕಿ ತಿದ್ದುತ್ತದೆ? ಇದನ್ನು ಮಾತ್ರ ಈ ಬರಹಗಾರರು ಕೇಳುವುದಿಲ್ಲ.

ಸೌಹಾರ್ದ ಸುಳ್ಳೆಂದು ನಾವು ಹೇಳುತ್ತಿಲ್ಲ. ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಮೊಹರಂ ಬಂತೆಂದರೆ ಎಲ್ಲ ಜಾತಿಯ ಹುಡುಗರು ಹರಕೆ ಹೊತ್ತು ಫಕೀರರಾಗುತ್ತಾರೆ. ಕೋಮುದ್ವೇಷ ಬಿತ್ತುವವರ ಎದುರು ಇದನ್ನು ಎದೆಗೊತ್ತಿ ಕಾಪಾಡಬೇಕು. ಆದ್ರ ಅಲಾಯಿ ಕುಣಿ ಮುಂದ ಹಲಗಿ ಬಡಿಯೋ ಕೈ ಯಾರದು? ಹಬ್ಬ ಮುಗಿದ ಮ್ಯಾಲ ಆ ಕೈ ಯಾರ ಮನಿ ಹೊಸ್ತಿಲ ದಾಟಬೇಕು? ಹಲಗಿ ಸಪ್ಪಳ ಊರೊಳಗ ಬೇಕು, ಹಲಗಿ ಬಡಿಯೋನು ಊರ ಹೊರಗ ಇರಬೇಕು. ಹಬ್ಬದ ಸೌಹಾರ್ದವನ್ನು ಹಾಡಿ ಹೊಗಳುವ ವಿಮರ್ಶೆ ಹಬ್ಬದ ಮರುದಿನವನ್ನೂ ನೋಡಬೇಕು.

ಊರಿನ ಅಚ್ಚು ಕೆಲಸ ಮಾಡುವುದು ದೊಡ್ಡ ದೊಡ್ಡ ಕ್ರೌರ್ಯಗಳಲ್ಲಷ್ಟೇ ಅಲ್ಲ, ದಿನದ ಮಾತಿನಲ್ಲಿ. ‘ನಿಮ್ದು ಯಾವ ಊರು?’ ಎಂದವರು ಅಲ್ಲಿಗೇ ನಿಲ್ಲುವುದಿಲ್ಲ. ‘ಅಲ್ಲಿ ಯಾವ ಓಣಿ?’ ಅಂತಾರ. ಓಣಿ ಹೇಳಿದರೆ ಜಾತಿ ಹೇಳಿದಂತೆ. ಬಾಡಿಗೆ ಖೋಲಿ ಖಾಲಿ ಇದ್ದದ್ದು ಅಷ್ಟರಲ್ಲೇ ಭರ್ತಿ ಆಗಿರ್ತದ! ಆರು ವರ್ಷದ ಗೌಡರ ಹುಡುಗ ಅರವತ್ತು ವರ್ಷದ ಮುದುಕನನ್ನು ‘ಏ, ಬಾ ಇಲ್ಲಿ’ ಎಂದು ಕರೆದದ್ದನ್ನೂ, ಮುದುಕ ‘ಬಂದೆ ಧಣಿ’ ಎಂದದ್ದನ್ನೂ ನಾವು ಕೇಳಿದ್ದೇವೆ. ಇಲ್ಲಿ ಊರು ತಿದ್ದಿದ್ದು ಇಬ್ಬರನ್ನೂ. ಒಬ್ಬನಿಗೆ ತಲೆ ಬಗ್ಗಿಸುವುದನ್ನು ಕಲಿಸಿತು, ಇನ್ನೊಬ್ಬನಿಗೆ ಮನುಷ್ಯತ್ವ ಮರೆಯುವುದನ್ನು. ಯಾರು ಹೆಚ್ಚು ಕೆಟ್ಟರು ಎಂದು ಓದುಗರೇ ಹೇಳಲಿ.

ಚರಿತ್ರೆ ಬರೆದವರದೂ ಇದೇ ಹಾದಿ. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಈ ಊರನ್ನು ವಿವರವಾಗಿ ಬರೆದ. ಗುಡ್ಡದ ಬಂಗಲೆಯಿಂದ ಅವನಿಗೆ ಎದ್ದು ಕಂಡದ್ದು ಅರಮನೆ, ದರಬಾರು, ಬೇಡರ ದಂಡು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪನಾಯಕನ ನೆನಪು ನಮ್ಮ ಅಭಿಮಾನವೂ ಹೌದು. ಆದರೆ ಟೇಲರನಿಗೆ ಉತ್ತರ ಕೊಡಲು ಹೊರಟ ನಮ್ಮವರೂ ಅರಮನೆಯ ಬಾಗಿಲಲ್ಲೇ ನಿಂತರು. ದಂಡಿಗೆ ಚಪ್ಪಲಿ ಹೊಲಿದವರು, ಕುದುರೆಗೆ ಹುಲ್ಲು ಕೊಯ್ದವರು ಯಾವ ಪುಟದಲ್ಲಿದ್ದಾರೆ?

‘ಅದೆಲ್ಲಾ ಹಳೇ ಮಾತು, ಈಗ ಕಾಲ ಬದಲಾಗ್ಯಾದ’ ಎನ್ನುವವರಿದ್ದಾರೆ. ಬದಲಾಗಿದೆ, ನಿಜ. 1982ರಲ್ಲಿ ನಾರಾಯಣಪುರ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಯಲ್ಲಿ ಸುರಪುರ, ಶಹಾಪುರದ ಹೊಲಗಳಿಗೆ ನೀರು ಹರಿಯಿತು. ಜೋಳದ ಹೊಲ ಭತ್ತದ ಗದ್ದೆಯಾಯಿತು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ಆದರೆ ಹೊಲ ಇದ್ದವನಿಗೆ ನೀರು ಬಂತು, ಹೊಲ ಇಲ್ಲದವನಿಗೆ ಕೆಸರಿನ ಕೂಲಿ ಬಂತು. ಮುಂಬೈ–ಚೆನ್ನೈ ರೈಲು ಮಾರ್ಗ ಯಾದಗಿರಿ ಮುಟ್ಟಿ ನೂರೈವತ್ತು ವರ್ಷ ಕಳೆಯಿತು. ಇಂದಿಗೂ ಅಲ್ಲಿ ಗಂಟುಮೂಟೆ, ಕೂಸುಗಳ ಸಮೇತ ಗುಳೆ ಹೊಂಟವರು ಯಾವ ಓಣಿಯವರು ಎಂದು ಎಣಿಸಿ ನೋಡಿ. 2009ರ ಕೊನೆಗೆ ಯಾದಗಿರಿ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಅದರ ಸಾಕ್ಷರತೆ ಶೇ. 51.83, ಇಡೀ ರಾಜ್ಯದಲ್ಲೇ ಕಡಿಮೆ. ಹೆಣ್ಣುಮಕ್ಕಳದು ಶೇ. 41ರ ಆಸುಪಾಸು. ಇದು ಹಣೆಬರಹವಲ್ಲ. ಅಕ್ಷರವನ್ನು ಓಣಿ ನೋಡಿ ಹಂಚಿದ ವ್ಯವಸ್ಥೆಯ ಲೆಕ್ಕ.

ಹಾಗಾದರೆ ಊರನ್ನು ಹೇಗೆ ಬರೆಯಬೇಕು? ನಮ್ಮ ಭಾಗದಲ್ಲೇ ದಾರಿ ತೋರಿದವರಿದ್ದಾರೆ. ಚೆನ್ನಣ್ಣ ವಾಲೀಕಾರ, ಗೀತಾ ನಾಗಭೂಷಣ ಇಬ್ಬರೂ ಕಲಬುರಗಿ ಸೀಮೆಯ ದುಡಿಯುವ ಮಂದಿಯ ಬಾಯಿಮಾತನ್ನೇ ಸಾಹಿತ್ಯದ ಮಾತು ಮಾಡಿದರು. ಗೀತಾ ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಭಾಷೆ ಒರಟು ಎಂದು ಮೂಗು ಮುರಿದವರು ನಿಜಕ್ಕೂ ಮೂಗು ಮುರಿದದ್ದು ಆ ಮಂದಿಯನ್ನು ಕಂಡು.

ಊರು ಒಂದೇ ಅಚ್ಚಲ್ಲ ಎಂಬುದೂ ನಮಗೆ ಗೊತ್ತು. ಈ ಮೂರೂ ಪಟ್ಟಣಗಳ ಸರಕಾರಿ ಹಾಸ್ಟೆಲುಗಳಲ್ಲಿ, ಒಂದೇ ಖೋಲ್ಯಾಗ ಹತ್ತು ಹಳ್ಳಿ ಹುಡುಗರು ಅಂಬೇಡ್ಕರರನ್ನು ಓದುವಾಗ ಇನ್ನೊಂದು ಊರು ಹುಟ್ಟುತ್ತದೆ. ಅಲ್ಲಿ ಯಾರೂ ಯಾರಿಗೂ ಧಣಿಯಲ್ಲ. ಅಂಥ ಹುಡುಗ ರಜೆಗೆ ಮನೆಗೆ ಹೋದಾಗ ಕಟ್ಟೆಯ ಮೇಲೆ ಕೂತರೆ ಊರು ಕಣ್ಣು ಕೆಂಪು ಮಾಡುತ್ತದೆ. ತನ್ನ ಅಚ್ಚು ಒಡೆಯುತ್ತಿದೆ ಎಂದು ಅದಕ್ಕೆ ತಿಳಿದಿದೆ.

ಹಳ್ಳಿಯ ಮಾಸ್ತರರೇ, ‘ನಮ್ಮ ಊರು’ ಎಂಬ ನಿಬಂಧ ಬರೆಸುವಾಗ ಗುಡಿ, ಕೆರೆ, ಜಾತ್ರೆಗೆ ಸಾಕು ಮಾಡಬೇಡಿ. ‘ನಮ್ಮ ಓಣಿ’ ಎಂದು ಬರೆಸಿರಿ. ನೀರು ಎಲ್ಲಿಂದ ತರ್ತೀವಿ, ಗುಡಿ ಎಲ್ಲಿತನಕ ಹೋಗ್ತೀವಿ, ನಮ್ಮವ್ವಗ ಯಾರು ಏನಂತ ಕರೀತಾರ ಎಂದು ಮಕ್ಕಳು ಬರೆಯಲಿ. ಈ ಊರುಗಳ ನಿಜವಾದ ವಿಮರ್ಶೆ ಆ ಪಾಟಿಗಳಿಂದ ಶುರುವಾಗಬೇಕು.