ಹೊಸ ಒಡಂಬಡಿಕೆಯ ‘ಫೋಸ್’: ಪದಾರ್ಥ ಮತ್ತು ಸೂಚಿತ ವಸ್ತು

ಹೊಸ ಒಡಂಬಡಿಕೆಯ ಗ್ರೀಕ್ ನಿಘಂಟುಗಳು ‘ಫೋಸ್’ ಪದಕ್ಕೆ ‘ಬೆಳಕು’ ಎಂಬ ಮೂಲಾರ್ಥದೊಡನೆ ‘ಬೆಂಕಿ’, ‘ದೀಪ’ ಎಂಬವನ್ನೂ ಕೊಡುವುದುಂಟು. ಇಂತಹ ಪಟ್ಟಿಯು ಪದದ ಅರ್ಥವನ್ನೂ ಸಂದರ್ಭದಲ್ಲಿ ಅದು ಸೂಚಿಸುವ ವಸ್ತುವನ್ನೂ ಬೆರೆಸುತ್ತದೆಂಬುದು ನಮ್ಮ ಆಕ್ಷೇಪ.

ಲೂಕ 22:55-56ರಲ್ಲಿ ಅಂಗಳದ ನಡುವೆ ಹೊತ್ತಿಸಿದ್ದು ‘ಪೂರ್’, ಅಂದರೆ ಬೆಂಕಿ. ದಾಸಿಯು ಪೇತ್ರನನ್ನು ಕಾಣುವುದಾದರೋ ಅವನು ‘ಫೋಸ್’ಗೆ ಎದುರಾಗಿ ಕುಳಿತಿರುವಾಗ. ಸೂಚಿತ ವಸ್ತು ಒಂದೇ. ಗುರುತಿಸುವಿಕೆಗೆ ಬೇಕಾದುದು ಬೆಳಕಾದ್ದರಿಂದ ಪದ ಬದಲಾಗಿದೆ. ಎರಡೆಡೆಯೂ ‘ಬೆಂಕಿ’ ಎಂದರೆ ಈ ಭೇದ ಅಳಿಯುತ್ತದೆ.

ಮಾರ್ಕ 14:54 ಈ ವಾದಕ್ಕೆ ತೊಡಕಾಗಿದೆ. ಅಲ್ಲಿ ‘ಪೂರ್’ ಇಲ್ಲ. ಪೇತ್ರನು ‘ಫೋಸ್’ ಬಳಿಯೇ ಮೈ ಕಾಯಿಸಿಕೊಳ್ಳುತ್ತಾನೆ. ಇದನ್ನು ಹೀಬ್ರೂ ಪ್ರಭಾವವೆಂದೇ ವಿವರಿಸಬೇಕಿಲ್ಲ. ಕ್ಸೆನೊಫೋನನ ಗದ್ಯದಲ್ಲಿಯೂ ಈ ಬಳಕೆಯಿದೆ. ಆದರೂ ಇಲ್ಲಿ ‘ಬೆಂಕಿ’ಯು ಕಾಯಿಸಿಕೊಳ್ಳುವ ಕ್ರಿಯೆಯಿಂದ ಒದಗುವ ಲಕ್ಷ್ಯಾರ್ಥವೇ ಹೊರತು ವಾಚ್ಯಾರ್ಥವಲ್ಲ.

ಅಪೊಸ್ತಲರ ಕೃತ್ಯಗಳು 16:29ರ ಸ್ಥಿತಿ ಭಿನ್ನ. ಸೆರೆಮನೆಯ ಯಜಮಾನನು ಕೇಳುವುದು ‘ಫೋತ’ ಎಂಬ ಬಹುವಚನ ರೂಪವನ್ನು. ಎಣಿಕೆಗೆ ಒಳಪಟ್ಟ ಈ ರೂಪವು ‘ದೀಪ’ ಎಂಬ ಅರ್ಥಕ್ಕೆ ವ್ಯಾಕರಣದ ಆಧಾರ ಒದಗಿಸುತ್ತದೆ. ಕನ್ನಡದಲ್ಲಿಯೂ ಇಲ್ಲಿ ‘ಬೆಳಕುಗಳು’ ಸಲ್ಲದು, ‘ದೀಪಗಳು’ ಎಂದೇ ಆಗಬೇಕು.

ಈ ವಿವೇಚನೆ ನಿಘಂಟಿಗಷ್ಟೇ ಸೀಮಿತವಲ್ಲ. ಯೋಹಾನನ ಸುವಾರ್ತೆಯಲ್ಲಿ ಸ್ನಾನಿಕನು ‘ಫೋಸ್’ ಅಲ್ಲ (1:8), ಉರಿಯುವ ‘ಲುಖ್ನೋಸ್’, ಅಂದರೆ ದೀಪ (5:35). ವ್ಯಾಕರಣದ ಆಧಾರವಿಲ್ಲದೆಡೆಯೂ ‘ಫೋಸ್’ಗೆ ‘ದೀಪ’ವೆಂಬ ಅರ್ಥವನ್ನು ಆರೋಪಿಸಿದರೆ ಆ ಸುವಾರ್ತೆಯ ಮುಖ್ಯ ವೈದೃಶ್ಯವೇ ಮಸುಕಾಗುತ್ತದೆ.